ಫೈಲಿನಲ್ಲಿಲ್ಲದ ಹಾಳೆ

ಇಳಕಲ್
5 ಜನವರಿ 2025, ಭಾನುವಾರ

ನನ್ನ ಮುದ್ದು ರೋಹಿಣಿ ಅಕ್ಕಾ,

ನೋಡು, ಮಾತು ಕೊಟ್ಟ ಹಾಗೆ ಬರೆಯುತ್ತಿದ್ದೇನೆ! ಮೊಬೈಲಿನಲ್ಲಿ ಅಲ್ಲ, ಹಾಳೆಯ ಮೇಲೆ, ಕನ್ನಡದಲ್ಲಿ! ನರ್ಸಿಂಗ್ ಹಾಸ್ಟೆಲಿನಲ್ಲಿ ನನ್ನ ಇಂಗ್ಲಿಷ್ ಮೀಡಿಯಂ ಕನ್ನಡ ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆಯಲ್ಲ, "ಪೇಶಂಟ್ ಜೋಡಿ ಮಾತಾಡೂದು ಕಲೀಬೇಕಂದ್ರ ಮೊದಲ ನನಗ ಪತ್ರ ಬರಿ" ಎಂದಿದ್ದೆಯಲ್ಲ, ತಗೋ. ಎರಡು ವರ್ಷ ಸೀನಿಯರ್ ಆಗಿದ್ದಕ್ಕೆ ಇಷ್ಟೊಂದು ದರ್ಬಾರು ನಿನ್ನದು!

ಮದುವೆಯಾಗಿ ಇವತ್ತಿಗೆ ಹದಿನಾಲ್ಕು ದಿನ. ಅರ್ಷದ ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ ಎನ್ನುವುದನ್ನು ಎಂಟನೇ ದಿನ ಕಂಡುಹಿಡಿದೆ. ಇಡೀ ದಿನ ಕೂತು ಸೀರೆಯ ಅಂಚಿಗೆ ಡಿಸೈನ್ ಬರೆಯುತ್ತಾನೆ, ಚೌಕದ ಹಾಳೆಯ ಮೇಲೆ, ಒಂದೊಂದು ಚುಕ್ಕೆ ಲೆಕ್ಕ ಹಾಕಿ. ಮೊನ್ನೆ ನಿಮ್ಮ ಬಾದಾಮಿಗೆ ಕರೆದುಕೊಂಡು ಹೋಗಿದ್ದ. ಗುಹೆಯ ಮೆಟ್ಟಿಲ ಮೇಲೆ ಮಂಗವೊಂದು ನನ್ನ ಕೈಯಿಂದ ಸೌತೆಕಾಯಿ ಕಿತ್ತುಕೊಂಡಿತು. ನಾನು ಕಿರುಚಿದೆ, ಅರ್ಷದ ನನಗಿಂತ ಜೋರಾಗಿ ಕಿರುಚಿದ! ಗೈಡ್ ಒಬ್ಬ "ಹೆದರಬ್ಯಾಡ್ರಿ ಸರ್, ಅದು ಮೇಡಮ್ಮಾರ್ನ ಒಯ್ಯೂದಿಲ್ಲ" ಎಂದ. ನಕ್ಕು ನಕ್ಕು ಸಾಕಾಯಿತು.

ಮಾವ ಗೌಸಸಾಬರು ಸೀರೆಯ ನೂಲಿಗೆ ಬಣ್ಣ ಹಾಕುವವರು. ಕಡಿಮೆ ಮಾತು. ಅತ್ತೆ ಕಾಸಿಂಬಿಗೆ ಎಲ್ಲರ ಪಾಲಿನ ಮಾತೂ ಬರುತ್ತದೆ. ನನ್ನ ಎರಡೂ ಕೈಗೆ ಎರಡೆರಡು ಡಜನ್ ಹಸಿರು ಗಾಜಿನ ಬಳೆ ತೊಡಿಸಿದ್ದಾರೆ. ನಿಕಾ ಆದ ಮೇಲೆ ಐದು ಶುಕ್ರವಾರ ಮುಗಿಯುವ ತನಕ ಸೊಸೆ ಬಳೆ ಬಿಚ್ಚಬಾರದಂತೆ, ಈ ಮನೆಯ ಪದ್ಧತಿ. ಗುರುವಾರದಿಂದ ಡ್ಯೂಟಿಗೆ ಹೋಗುತ್ತಿದ್ದೇನೆ, ನಿಮ್ಮ ಬಾಗಲಕೋಟೆಯ ದೊಡ್ಡ ಆಸ್ಪತ್ರೆಯ ಇಳಕಲ್ ಶಾಖೆಗೆ, ಹಸುಗೂಸುಗಳ ವಾರ್ಡಿಗೆ. ಬಳೆಗಳನ್ನು ಮೊಣಕೈ ತನಕ ಸರಿಸಿ ಮೇಲೆ ಬ್ಯಾಂಡೇಜ್ ಬಟ್ಟೆ ಸುತ್ತಿಕೊಂಡು ಡ್ಯೂಟಿ ಮಾಡುತ್ತೇನೆ! ಎರಡೂ ಕೈ ಮುರಿದುಕೊಂಡವಳ ಹಾಗೆ ಕಾಣುತ್ತೇನೆ. ಬೈಯಬೇಡ, ಐದೇ ಶುಕ್ರವಾರ. ವಾರ್ಡಿನ ಇನ್‌ಚಾರ್ಜ್ ನಾಗರತ್ನಾ ಸಿಸ್ಟರ್ ಕೂಡ "ಇರ್ಲಿ ಬಿಡವಾ, ಹೊಸಾ ಮದಿಮಗಳು" ಎಂದು ಬಿಟ್ಟರು.

ಅಯ್ಯೋ, ಆ ಹಾಳೆ ಮುಗಿದೇ ಹೋಯಿತು, ಇದು ಎರಡನೆಯದು!

ಇಲ್ಲಿ ಕೆಲಸ ಎಷ್ಟು ಸ್ಪೀಡ್ ಗೊತ್ತಾ? ಮಗುವಿಗೆ ನರದಲ್ಲಿ ಇಂಜೆಕ್ಷನ್ ಕೊಟ್ಟ ಮೇಲೆ ಸ್ವಲ್ಪ ಸಲೈನ್ ಬಿಡುತ್ತೇವಲ್ಲ, ಅದಕ್ಕೆ ಪ್ರತಿ ಮಗುವಿಗೂ ಹೊಸ ಪುಟ್ಟ ಸೀಸೆ ಒಡೆಯಬೇಕು ಎಂದು ಕಾಲೇಜಿನಲ್ಲಿ ಕಲಿಸಿದ್ದರು. ಇಲ್ಲಿ ಒಂದೇ ದೊಡ್ಡ ಬಾಟಲಿ. ಅದರ ರಬ್ಬರ್ ಮುಚ್ಚಳಕ್ಕೆ ಸೂಜಿ ಚುಚ್ಚಿ ಹಾಗೇ ಬಿಟ್ಟಿರುತ್ತಾರೆ. ಬಂದವರು ಸಿರಿಂಜ್ ಹಚ್ಚಿ ಎಳೆದುಕೊಳ್ಳುವುದು, ಹೋಗುವುದು. ಮೂರು ದಿನ ಬರುತ್ತದೆ. ನಾನು ಕೇಳಿದ್ದಕ್ಕೆ ನಾಗರತ್ನಾ ಸಿಸ್ಟರ್, "ಹನ್ನೆರಡು ಕೂಸಿಗೆ ಹನ್ನೆರಡು ಸೀಸೆ ಒಡಕೋತ ಕುಂತ್ರ ಹಾಲು ಕುಡಸಾವ್ರು ಯಾರು, ನಿಮ್ಮ ಅತ್ತಿ ಬರ್ತಾಳೇನ?" ಎಂದು ನಕ್ಕರು. ಇದು ಸರೀನಾ ಅಕ್ಕಾ? ನವೆಂಬರಿನಲ್ಲಿ ನೀನೇ, ಎಲ್ಲ ಶಾಖೆಗಳ ಸೋಂಕು ತಡೆಯುವ ಸಿಸ್ಟರ್ ಆಗಿ, ಇಲ್ಲಿಗೆ ಇನ್‌ಸ್ಪೆಕ್ಷನ್‌ಗೆ ಬಂದು ಎಲ್ಲ ಸರಿ ಇದೆ ಎಂದು ಸಹಿ ಹಾಕಿ ಹೋಗಿದ್ದೆಯಂತೆ. ಹಾಗಿದ್ದ ಮೇಲೆ ಸರಿಯೇ ಇರಬೇಕು ಎಂದುಕೊಂಡು ನಾನೂ ಹಾಗೇ ಮಾಡುತ್ತಿದ್ದೇನೆ.

ನಿನಗೆ ಒಂದು ಇಳಕಲ್ ಸೀರೆ ಕಾದಿದೆ. ಅಂಚು ಅರ್ಷದನದು, ಬಣ್ಣ ಮಾವನದು, ಆಯ್ಕೆ ನನ್ನದು!

ಖುಷಿಯಲ್ಲಿ ತೇಲುತ್ತಿರುವ
ನಿನ್ನ ಜಾಸ್ಮಿನ


ಬಾಗಲಕೋಟೆ
13 ಜನವರಿ 2025

ಪ್ರೀತಿಯ ಜಾಸ್ಮಿನ,

ನಿನ್ನ ಪತ್ರ ಬಂತು. ಮಂಗನ ಪ್ರಸಂಗ ಓದಿ ನಕ್ಕೆ, ಬಳೆಯ ಪ್ರಸಂಗ ಓದಿ ಚಹಾ ಆರಿಹೋಯಿತು. ಹುಚ್ಚೀ, ನೀನು ನಿಂತಿರುವುದು ಹಸುಗೂಸುಗಳ ವಾರ್ಡಿನಲ್ಲಿ. ಅಲ್ಲಿ ಒಂದೂವರೆ ಕಿಲೋ ತೂಗದ ಮಕ್ಕಳಿವೆ.

ರೋಗಾಣು ತಾನಾಗಿ ತೊಟ್ಟಿಲಿನಿಂದ ತೊಟ್ಟಿಲಿಗೆ ಹಾರುವುದು ಕಡಿಮೆ. ಹೆಚ್ಚಾಗಿ ನಾವೇ ಹೊತ್ತುಕೊಂಡು ಹೋಗಿ ಬಿಡುತ್ತೇವೆ. ಒಂದು ಮಗುವಿನ ಬಟ್ಟೆ ಬದಲಿಸಿದ ಕೈ ಇನ್ನೊಂದರ ಹಾಲಿನ ನಳಿಕೆಯನ್ನು ಮುಟ್ಟುತ್ತದೆ, ಅಷ್ಟು ಸಾಕು. ಬಳೆಯ ಸಂದಿಗೆ ಸಾಬೂನು ಹೋಗುವುದಿಲ್ಲ, ನೀರು ನಿಲ್ಲುತ್ತದೆ, ಮೇಲೆ ಸುತ್ತಿದ ಬಟ್ಟೆ ಒದ್ದೆಯಾಗಿ ಹಾಗೇ ಇರುತ್ತದೆ. ಮುಟ್ಟುವ ಮೊದಲು ತೊಳೆ, ಮುಟ್ಟಿದ ಮೇಲೆ ತೊಳೆ, ಮೊಣಕೈ ತನಕ ಖಾಲಿ ಇರಲಿ. ಪರೀಕ್ಷೆಯಲ್ಲಿ ಇದಕ್ಕೆ ಹತ್ತಕ್ಕೆ ಹತ್ತು ತೆಗೆದವಳು ನೀನೇ.

ಅತ್ತೆಯ ಜೊತೆ ಜಗಳ ಬೇಡ. ತಿಳಿಸಿ ಹೇಳು. ಆದರೆ ಬಳೆ ಇಳಿಯಲೇಬೇಕು.

ಉಳಿದದ್ದನ್ನು ಎದುರಿಗೆ ಸಿಕ್ಕಾಗ ಮಾತಾಡೋಣ. ವಾರ್ಡಿನ ಸುದ್ದಿಯನ್ನು ಕಾಗದದಲ್ಲಿ ಬರೆಯಬೇಡ, ಮನೆಯ ಸುದ್ದಿ ಬರಿ. ನನ್ನ ಅವ್ವ ಬಾದಾಮಿಯಿಂದ ಬಂದಿದ್ದಾಳೆ, ಮಂಡಿ ನೋವು. ನಿನ್ನನ್ನು ಕೇಳಿದಳು.

ನಿನ್ನ
ರೋಹಿಣಿ


ಇಳಕಲ್
20 ಜನವರಿ 2025

ಅಕ್ಕಾ, ನನ್ನ ಬಂಗಾರದ ಅಕ್ಕಾ,

ಬಳೆ ಇಳಿದವು! ಮೊನ್ನೆ ಶನಿವಾರ, ಹದಿನೆಂಟನೇ ತಾರೀಖು, ಬೆಳಿಗ್ಗೆ, ಅತ್ತೆಯ ಕೈಯಿಂದಲೇ! ನೀನು ಇರಬೇಕಿತ್ತು, ನಾಟಕ ನೋಡಿದ ಹಾಗಾಗುತ್ತಿತ್ತು.

ಮೊದಲು ನಿನ್ನ ಪತ್ರ ಓದಿ ಹೇಳಿದೆ. ಅತ್ತೆ ಕಡಲೆ ಆರಿಸುತ್ತ ಕೂತಿದ್ದವರು ಮೊರ ಕೆಳಗಿಟ್ಟರು.

"ಗಾಜಿಗೆ ಎಂಥಾ ಜಡ್ಡು ಹತ್ತತೈತಿ? ನಿಮ್ಮ ದೊಡ್ಡ ಡಾಕ್ಟರು ಕೈಯಾಗ ಅಷ್ಟು ದಪ್ಪನ್ನ ವಾಚ್ ಕಟ್ಟಿರ್ತಾನಲ್ಲ, ಅವಂಗ ಹೋಗಿ ಹೇಳು ಮೊದಲ."

ಆ ವಾಚ್ ನಾನೂ ನೋಡಿದ್ದೆ, ಖರೆ ಹೇಳಬೇಕೆಂದರೆ! ಅಷ್ಟರಲ್ಲಿ ಮಾವ ಹಿತ್ತಲಿನ ಬಣ್ಣದ ಹಂಡೆಯ ಹತ್ತಿರದಿಂದ ಬಂದರು, ಎರಡೂ ಕೈ ಕೆಂಪು.

"ಕಾಸಿಂ, ನಾ ಹಂಡೇಕ ಕೈ ಹಾಕೂ ಮುಂದ ಉಂಗುರ ಯಾಕ ತಗದ ಇಡ್ತೇನಿ?"

"ಕಳೀತೈತಿ ಅಂತ."

"ಮೂವತ್ತು ವರ್ಷ ಹಂಗ ತಿಳಕೊಂಡಿ? ಉಂಗುರದ ಬುಡಕ ಕುಂತ ಬಣ್ಣ ಮೂರು ಸಲ ತೊಳದ್ರೂ ಹೋಗೂದಿಲ್ಲ. ನಾ ಕೈ ಹಸನಾತು ಅಂತ ತಿಳಕೊಂಡು ಬಿಳೇ ನೂಲು ಮುಟ್ಟಿದ್ನೆಂದ್ರ ಅದಕ್ಕ ಕಲಿ ಬೀಳತೈತಿ. ಆ ಕೂಸುಗೋಳು ಬಿಳೇ ನೂಲು ಇದ್ದಂಗ. ಕಲಿ ಬಿದ್ರ ತೊಳ್ಯಾಕ ಬರೂದಿಲ್ಲ."

ಅಕ್ಕಾ, ನಮ್ಮ ಕಾಲೇಜಿನ ಯಾವ ಮೇಡಮ್ಮೂ ಹೀಗೆ ಪಾಠ ಹೇಳಿರಲಿಲ್ಲ! ಅತ್ತೆ ಎದ್ದು ಸಾಬೂನು ತಂದರು, ನನ್ನ ಕೈ ಹಿಡಿದು ಒಂದೊಂದಾಗಿ ಇಳಿಸಿದರು. ಎರಡು ಒಡೆದವು. ಸಂಜೆ ತನಕ ಮುಖ ಊದಿಸಿಕೊಂಡಿದ್ದರು. ರಾತ್ರಿ ಊಟಕ್ಕೆ ಬಡಿಸುತ್ತ, "ಆ ಕೂಸುಗೋಳ ಅವ್ವಂದ್ರಿಗೆ ಹೇಳು, ಇಳಕಲ್ಲಾಗ ಒಬ್ಬಾಕಿ ಅತ್ತಿ ನಿಮ್ಮ ಸಲುವಾಗಿ ಪದ್ಧತಿ ಮುರದಾಳ ಅಂತ" ಎಂದರು. ನಾನು ಹೋಗಿ ತಬ್ಬಿಕೊಂಡೆ!

ಈಗ ನನ್ನ ಕೈ ನೋಡಿದರೆ ನೀನು ಮುತ್ತಿಡುತ್ತೀ. ಉಗುರು ಕೂಡ ಕತ್ತರಿಸಿದ್ದೇನೆ.

ಬಾಟಲಿಯ ಬಗ್ಗೆ ನೀನು ಏನೂ ಬರೆಯಲಿಲ್ಲ. ಎದುರಿಗೆ ಹೇಳುತ್ತೀ ಎಂದುಕೊಂಡಿದ್ದೇನೆ. ಯಾವಾಗ ಬರುತ್ತೀ?

ನಿನ್ನವಳೇ
ಜಾಸ್ಮಿನ


ಇಳಕಲ್
9 ಫೆಬ್ರುವರಿ 2025

ಅಕ್ಕಾ,

ಫೆಬ್ರುವರಿ ಐದರಂದು ಒಂದು ಮಗುವಿಗೆ ಜ್ವರ ಬಂತು. ಆರಕ್ಕೆ ಇನ್ನೆರಡಕ್ಕೆ. ಹಾಲು ಬಿಟ್ಟವು, ಬಣ್ಣ ಬೂದಿಯಾಯಿತು. ರಕ್ತದ ಪರೀಕ್ಷೆಯಲ್ಲಿ ಮೂರಕ್ಕೂ ಒಂದೇ ರೋಗಾಣು. ನಿನ್ನೆ ಮಧ್ಯಾಹ್ನ ಮೊದಲನೆಯದು ಹೋಯಿತು.

ಹೆಣ್ಣು ಮಗು. ಹುನಗುಂದದವರು. ಒಂಬತ್ತು ತಿಂಗಳು ತುಂಬುವ ಮೊದಲೇ ಹುಟ್ಟಿದ್ದರೂ ನಮ್ಮ ವಾರ್ಡಿನಲ್ಲಿ ಎಲ್ಲರಿಗಿಂತ ಜೋರಾಗಿ ಅಳುವವಳು ಅವಳೇ ಆಗಿದ್ದಳು. ಅಜ್ಜಿ ಬಾಳಮ್ಮ ಹದಿನಾರು ದಿನ ವರಾಂಡದಲ್ಲೇ ಕೂತಿದ್ದಳು. ಗಾಜಿನ ಹೊರಗಿನಿಂದ ನನ್ನನ್ನು ಕರೆದು "ಸಿಸ್ಟರಬಾಯಿ, ಇವತ್ತು ಎಷ್ಟು ತೂಗಿದ್ಳು?" ಎಂದು ದಿನಾ ಕೇಳುವಳು. ನಿನ್ನೆ ಕೇಳಲಿಲ್ಲ. ಬಟ್ಟೆಯಲ್ಲಿ ಸುತ್ತಿ ಕೊಟ್ಟೆ, ಎರಡೂ ಕೈ ಚಾಚಿ ತಗೊಂಡಳು. ನಾನು ಒಳಗೆ ಬಂದು ಬಟ್ಟೆಯ ಕಪಾಟಿಗೆ ಮುಖ ಹಚ್ಚಿ ಅತ್ತುಬಿಟ್ಟೆ.

ಬಾಗಲಕೋಟೆಯಿಂದ ತನಿಖೆಗೆ ಬರುವವಳು ನೀನೇ ಎಂದು ಈಗ ತಿಳಿಯಿತು. ಅಕ್ಕಾ, ಜೀವ ಬಂದ ಹಾಗಾಯಿತು! ಬೇರೆ ಯಾರಾದರೂ ಆಗಿದ್ದರೆ ನಾನು ಬಾಯಿ ಬಿಡಲು ಹೆದರುತ್ತಿದ್ದೆ. ನಿನಗೆ ಎಲ್ಲವನ್ನೂ ತೋರಿಸುತ್ತೇನೆ. ಜ್ವರ ಬಂದ ವಾರದ ಆ ಸಲೈನ್ ಬಾಟಲಿ ಇನ್ನೂ ಔಷಧಿಯ ಟ್ರಾಲಿಯ ಮೂರನೆಯ ಡ್ರಾವರಿನಲ್ಲಿದೆ, ಸೂಜಿಯ ಸಮೇತ. ಬೇಗ ಬಾ. ನಮ್ಮ ಮನೆಯಲ್ಲೇ ಉಳಿ, ಅತ್ತೆ ಈಗಾಗಲೇ ನಿನಗಾಗಿ ಹಾಸಿಗೆ ಬಿಸಿಲಿಗೆ ಹಾಕಿದ್ದಾರೆ.

ಜಾಸ್ಮಿನ


ಬಾಗಲಕೋಟೆ
12 ಫೆಬ್ರುವರಿ 2025

ಜಾಸ್ಮಿನ,

ಸೋಮವಾರ ಹದಿನೇಳಕ್ಕೆ ಬರುತ್ತೇನೆ. ಆಸ್ಪತ್ರೆಯ ಗೆಸ್ಟ್‌ಹೌಸಿನಲ್ಲಿ ಉಳಿಯುತ್ತೇನೆ, ಮನೆಗೆ ಬರಲು ಆಗುವುದಿಲ್ಲ, ಅತ್ತೆಗೆ ತಿಳಿಸು. ತನಿಖೆ ಮುಗಿಯುವ ತನಕ ನಾವು ಗೆಳತಿಯರು ಎಂದು ತೋರಿಸಿಕೊಳ್ಳುವುದು ಬೇಡ, ನಿನಗೂ ಒಳ್ಳೆಯದಲ್ಲ. ಕೇಳಿದಷ್ಟಕ್ಕೆ ಉತ್ತರ ಕೊಡು.

ನೀನು ಏನನ್ನೂ ಮುಟ್ಟಬೇಡ, ಯಾರಿಗೂ ಏನನ್ನೂ ತೋರಿಸಬೇಡ. ನಾನು ನೋಡಿಕೊಳ್ಳುತ್ತೇನೆ.

ರೋಹಿಣಿ


ಇಳಕಲ್
27 ಫೆಬ್ರುವರಿ 2025

ರೋಹಿಣಿ ಅಕ್ಕಾ,

ಹೀಗೆ ಕರೆಯಬೇಕೋ ಬೇಡವೋ ಗೊತ್ತಾಗದೆ ಒಂದು ಗಂಟೆ ಖಾಲಿ ಹಾಳೆಯ ಮುಂದೆ ಕೂತಿದ್ದೆ.

ಹದಿನೇಳಕ್ಕೆ ನೀನು ಬಂದೆ. ನಲ್ಲಿ, ಸಿಂಕು, ತೊಟ್ಟಿಲ ಅಂಚು, ನಮ್ಮೆಲ್ಲರ ಅಂಗೈ, ಎಲ್ಲ ಕಡೆ ಹತ್ತಿ ಕಡ್ಡಿ ಒರೆಸಿ ಮಾದರಿ ತಗೊಂಡೆ. ಟ್ರಾಲಿಯ ಮೊದಲ ಡ್ರಾವರ್ ತೆಗೆದೆ, ಎರಡನೆಯದು ತೆಗೆದೆ. ಮೂರನೆಯದಕ್ಕೆ ಕೈ ಹಾಕದೆ "ಸಾಕು" ಎಂದೆ. ಮರೆತೆಯೇನೋ ಎಂದು ನಾನು ಕಣ್ಣಿನಿಂದ ಸನ್ನೆ ಮಾಡಿದೆ. ನೀನು ಗೋಡೆಯ ಗಡಿಯಾರ ನೋಡಿದೆ. ಸಂಜೆ ನಾನು ಡ್ಯೂಟಿ ಮುಗಿಸುವ ಹೊತ್ತಿಗೆ ಆ ಡ್ರಾವರ್ ಖಾಲಿಯಾಗಿ ತೊಳೆದು ಒರೆಸಿಟ್ಟಿತ್ತು. ಅಕ್ಕ ಗುಟ್ಟಾಗಿ ಪರೀಕ್ಷೆಗೆ ಕಳಿಸಿದ್ದಾಳೆ ಎಂದು ನಾನು ನಂಬಿದೆ. ಎಂಟು ದಿನ ಹಾಗೆ ನಂಬಿಕೊಂಡೇ ಇದ್ದೆ.

ಮೊನ್ನೆ ಇಪ್ಪತ್ತೈದರ ವಿಚಾರಣೆಯಲ್ಲಿ ನೀನೂ ಇದ್ದೆ. ಆದರೂ ಬರೆಯುತ್ತೇನೆ. ನೀನು ಆ ಹೊತ್ತು ಕಾಗದ ನೋಡುತ್ತಿದ್ದೆ, ನನ್ನನ್ನು ನೋಡಲಿಲ್ಲ.

ದೊಡ್ಡ ಡಾಕ್ಟರು ಫೈಲ್ ತೆಗೆದು ಒಂದು ಜೆರಾಕ್ಸ್ ನನ್ನ ಮುಂದೆ ತಳ್ಳಿದರು. ಮೇಲೆ "ನನ್ನ ಮುದ್ದು ರೋಹಿಣಿ ಅಕ್ಕಾ" ಎಂದಿತ್ತು. ನನ್ನ ಅಕ್ಷರ. ಬ್ಯಾಂಡೇಜ್ ಸುತ್ತಿದ ಸಾಲಿನ ಕೆಳಗೆ ಕೆಂಪು ಗೆರೆ. ಗಂಡನ ಕೆನ್ನೆಯ ಗುಳಿಯನ್ನು ಅಲ್ಲಿ ಕೂತಿದ್ದ ಐದು ಜನರೂ ಓದಿರಬೇಕು.

"ಇದು ನಿನ್ನ ಕೈಬರಹ ಹೌದಲ್ಲೋ?"

"ಹೌದ್ರಿ ಸರ್."

"ಬಳಿ ಹಾಕ್ಕೊಂಡ ಡ್ಯೂಟಿ ಮಾಡಿ, ಹೌದಲ್ಲೋ?"

"ಹೌದ್ರಿ, ಆದರ ಜನವರಿ ಹದಿನೆಂಟಕ್ಕ ತಗದೀನ್ರಿ. ಕೂಸಿಗೆ ಜ್ವರಾ ಬಂದಿದ್ದು ಫೆಬ್ರುವರಿ ಐದಕ್ಕ. ನಾ ಅದನ್ನೂ ಪತ್ರದಾಗ ಬರದೀನ್ರಿ, ಇವರ ಕಡೆ ಐತಿ."

"ಕೇಳಿದ್ದಕ್ಕ ಅಷ್ಟ ಹೇಳು."

ನಾನು ಜೆರಾಕ್ಸ್ ತಿರುವಿ ನೋಡಿದೆ. ಹಿಂದೆ ಏನೂ ಇರಲಿಲ್ಲ. "ಸರ್, ಈ ಪತ್ರಕ್ಕ ಎರಡನೇ ಹಾಳಿ ಐತ್ರಿ. ಅದರಾಗ ಸಲೈನ್ ಬಾಟಲಿ ಬಗ್ಗೆ ಬರದೀನಿ."

ಅವರು ನಿನ್ನ ಕಡೆ ತಿರುಗಿದರು. ನೀನು ಪೆನ್ನಿನ ಮುಚ್ಚಳ ಹಾಕಿದೆ, ತೆಗೆದೆ. ಆಮೇಲೆ ಹೇಳಿದೆ: "ನನಗ ಬಂದಿದ್ದು ಒಂದ ಹಾಳಿರಿ ಸರ್."

ಎಂಟು ವರ್ಷದ ಹಿಂದೆ ಹಾಸ್ಟೆಲಿನಲ್ಲಿ ನನಗೆ ಟೈಫಾಯಿಡ್ ಬಂದಾಗ ಹನ್ನೆರಡು ದಿನ ನನ್ನ ತಟ್ಟೆ ತೊಳೆದವಳು ನೀನು. ಆ ನಿನ್ನ ಬಾಯಿಯಿಂದಲೇ ಆ ಮಾತು ಬಂತು. ನಾಗರತ್ನಾ ಸಿಸ್ಟರ್ ನೆಲ ನೋಡುತ್ತಿದ್ದರು. ನಾನು ಕಿರುಚಬೇಕಿತ್ತು. ಜೆರಾಕ್ಸ್ ಹಾಳೆಯನ್ನು ಸರಿಯಾಗಿ ಮಡಚಿ ಮೇಜಿನ ಮೇಲಿಟ್ಟು "ಆತ್ರಿ ಸರ್" ಎಂದು ಹೊರಗೆ ಬಂದೆ. ಅದಕ್ಕೇ ನನಗೆ ನನ್ನ ಮೇಲೆ ಸಿಟ್ಟು.

ನನ್ನನ್ನು ಸಸ್ಪೆಂಡ್ ಮಾಡಿದ್ದಾರೆ. ನನ್ನ ನರ್ಸಿಂಗ್ ರಿಜಿಸ್ಟ್ರೇಶನ್ ರದ್ದು ಮಾಡಲು ಬರೆಯುತ್ತಾರಂತೆ. ಊರಿಗೆಲ್ಲ ಸುದ್ದಿ ಆಗಿದೆ, ಬಳೆಯಿಂದ ಕೂಸು ಹೋಯಿತು ಎಂದು. ಅತ್ತೆ ಎರಡು ದಿನದಿಂದ ಉಂಡಿಲ್ಲ. "ನನ್ನ ಹಟಕ್ಕ ಒಂದು ಜೀವ ಹೋತಲ್ಲ ಬೇಟಾ" ಎಂದು ಗೋಡೆಗೆ ಮುಖ ಮಾಡಿ ಮಲಗಿದ್ದಾರೆ. ತಾರೀಖು ಹೇಳಿದೆ, ಹದಿನೆಂಟು ದಿನ ಮೊದಲೇ ನೀವೇ ತೆಗೆದಿರಿ ಎಂದೆ. "ಸಮಾಧಾನಕ್ಕ ಹೇಳ್ತಿ ನೀ" ಎನ್ನುತ್ತಾರೆ. ಆಸ್ಪತ್ರೆಯ ವರದಿಯೇ ಹಾಗಿದ್ದ ಮೇಲೆ ಸೊಸೆಯ ಮಾತನ್ನು ಯಾರು ನಂಬುತ್ತಾರೆ?

ಒಂದು ಉತ್ತರ ಕೊಡು. ಯಾಕೆ?

ಜಾಸ್ಮಿನ


ಬಾಗಲಕೋಟೆ
4 ಮಾರ್ಚ್ 2025

ಪ್ರೀತಿಯ ಜಾಸ್ಮಿನ,

ನೀನು ನನ್ನನ್ನು ಬೈದಿದ್ದರೆ ಬರೆಯುವುದು ಸುಲಭವಾಗುತ್ತಿತ್ತು.

ನವೆಂಬರಿನಲ್ಲಿ ನಾನು ಇಳಕಲ್ಲಿಗೆ ಬಂದಾಗ ನಾಲ್ಕು ಗಂಟೆಯಾಗಿತ್ತು. ಅದೇ ದಿನ ಇನ್ನೆರಡು ಶಾಖೆ ನೋಡಿ ಬಂದಿದ್ದೆ. ನಾಗರತ್ನಾ ಸಿಸ್ಟರ್ ಚಹಾ, ಮಿರ್ಚಿ ತರಿಸಿದರು. ಹಾಳೆಯಲ್ಲಿ ಮೂವತ್ತೆಂಟು ಪ್ರಶ್ನೆ. "ಪ್ರತಿ ಮಗುವಿಗೂ ಬೇರೆ ಸೀಸೆ ಬಳಸುತ್ತಾರೆಯೇ" ಎನ್ನುವುದೂ ಅದರಲ್ಲಿತ್ತು. ಅವರು ಹೌದು ಎಂದರು, ನಾನು ಹೌದು ಎಂದು ಬರೆದೆ. ಕೂತಲ್ಲಿಂದ ಏಳಲಿಲ್ಲ. ನಿನ್ನ ಜನವರಿಯ ಪತ್ರ ಬಂದ ದಿನ ನನಗೆ ಎಲ್ಲ ಅರ್ಥವಾಯಿತು. ಅಂದೇ ಫೋನ್ ಮಾಡಬೇಕಿತ್ತು. ಮಾಡಿದರೆ ನನ್ನ ಸಹಿ ಸುಳ್ಳು ಎಂದು ನಾನೇ ಹೇಳಿದ ಹಾಗಾಗುತ್ತಿತ್ತು. ಮುಂದಿನ ಭೇಟಿಯಲ್ಲಿ ಮೆಲ್ಲಗೆ ಸರಿಪಡಿಸೋಣ ಎಂದುಕೊಂಡೆ. ಅಷ್ಟರಲ್ಲಿ ಮಕ್ಕಳಿಗೆ ಜ್ವರ ಬಂತು.

ಹತ್ತಿ ಕಡ್ಡಿಯ ಮಾದರಿಗಳಲ್ಲಿ ಏನೂ ಸಿಗಲಿಲ್ಲ, ಫೈಲಿಗೆ ಒಂದು ಕಾರಣ ಬೇಕಿತ್ತು. ನಿನ್ನ ಪತ್ರ ನನ್ನ ಬ್ಯಾಗಿನಲ್ಲಿತ್ತು.

ಬಳೆ ತೊಟ್ಟಿದ್ದು ಸುಳ್ಳಲ್ಲವಲ್ಲ, ಜಾಸ್ಮಿನ. ಮೂರು ತಿಂಗಳು ಹೋದರೆ ಎಲ್ಲರೂ ಮರೆಯುತ್ತಾರೆ, ಆಗ ನಿನ್ನನ್ನು ಇಲ್ಲಿಗೆ ಕರೆಸಿಕೊಳ್ಳುತ್ತೇನೆ. ನಿನಗೆ ಅರ್ಷದ ಇದ್ದಾನೆ, ಮನೆ ಇದೆ, ಮನೆ ತುಂಬ ಜನ ಇದ್ದಾರೆ. ನನಗೆ ಈ ಕೆಲಸ ಬಿಟ್ಟರೆ ಅವ್ವನ ಮಂಡಿನೋವು ಒಂದೇ ಇರುವುದು. ಆ ಬಾಟಲಿಯ ಪದ್ಧತಿಯನ್ನು ಎಲ್ಲ ಶಾಖೆಗಳಲ್ಲೂ ಬಾಯಿಮಾತಿನಲ್ಲಿ ನಿಲ್ಲಿಸಿದ್ದೇನೆ. ಉಳಿದ ಎರಡು ಮಕ್ಕಳೂ ಮನೆಗೆ ಹೋದವು. ಇನ್ನು ಮುಂದೆ ಯಾರಿಗೂ ಏನೂ ಆಗುವುದಿಲ್ಲ. ಹಾಗಿದ್ದ ಮೇಲೆ ಇನ್ನೊಂದು ಬದುಕು ಯಾಕೆ ಹಾಳಾಗಬೇಕು?

ಒಂದು ಕೇಳಿಕೊಳ್ಳುತ್ತೇನೆ. ಜನವರಿ ಹದಿಮೂರರ, ಫೆಬ್ರುವರಿ ಹನ್ನೆರಡರ ನನ್ನ ಪತ್ರಗಳನ್ನೂ ಇದನ್ನೂ ಹರಿದುಹಾಕು.

ನಿನ್ನ
ರೋಹಿಣಿ


ಇಳಕಲ್
17 ಮಾರ್ಚ್ 2025

ರೋಹಿಣಿ ಸಿಸ್ಟರ್ ಅವರಿಗೆ,

ನೀವು ಹರಿಯಲು ಹೇಳಿದ ಮೂರೂ ಪತ್ರಗಳನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಜೆರಾಕ್ಸ್ ಮಾಡಿಸಿಲ್ಲ. ಅರ್ಷದ ಮಾಡಿಸೋಣ ಎಂದು ಎರಡು ದಿನ ಜಗಳ ತೆಗೆದ. "ಅಕಿ ನಿನ್ನ ಪತ್ರ ಅವರ ಮುಂದ ಇಡಬಹುದು, ನೀ ಅಕೀದು ಇಡಬಾರ್ದೇನ? ಇದೆಂಥಾ ನ್ಯಾಯ ನಿಂದು?" ಮದುವೆಯಾದ ಮೇಲೆ ನಮ್ಮ ಮೊದಲ ಜಗಳ ಅದು. ನಂಬಿ ಬರೆದ ಮಾತನ್ನು ಮೂರನೆಯವರ ಮೇಜಿನ ಮೇಲೆ ನೋಡುವುದು ಹೇಗಿರುತ್ತದೆ ಎಂದು ಅವನಿಗೆ ಗೊತ್ತಿಲ್ಲ. ನನಗೆ ಗೊತ್ತು.

ಹತ್ತನೇ ತಾರೀಖು ಬಾಗಲಕೋಟೆಗೆ ಬಂದಿದ್ದೆ. ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ನನ್ನ ಹೇಳಿಕೆ ಕೊಟ್ಟು, ಪ್ರತಿಯ ಮೇಲೆ ಠಸ್ಸೆ ಹಾಕಿಸಿಕೊಂಡು ಬಂದೆ. ರಂಜಾನಿನ ರೋಜಾ ಇತ್ತು, ಬಿಸಿಲು ಜೋರಾಗಿತ್ತು, ನಿಮ್ಮ ಆಸ್ಪತ್ರೆಯ ಮುಂದೆಯೇ ಬಸ್ಸಿಗೆ ನಿಂತಿದ್ದೆ. ಒಳಗೆ ಬರಲಿಲ್ಲ.

ಹೇಳಿಕೆಯಲ್ಲಿ ನಾನು ಕಂಡದ್ದು, ಮಾಡಿದ್ದು ಮಾತ್ರ ಇದೆ. ಜನವರಿ ಎರಡರಿಂದ ಹದಿನೇಳರ ತನಕ ಬಳೆ ತೊಟ್ಟು ಕೆಲಸ ಮಾಡಿದೆ, ತಪ್ಪು ಎಂದು ಬರೆದೆ. ನನ್ನ ಪತ್ರಕ್ಕೆ ಎರಡು ಹಾಳೆ ಇದ್ದವು ಎಂದು ಬರೆದೆ. ನವೆಂಬರಿನ ಸಹಿಯ ವಿಷಯ ನನಗೆ ತಿಳಿದಷ್ಟು ಬರೆದೆ. ಆಮೇಲೆ, ನನ್ನನ್ನು ಯಾರೂ ಕೇಳದ ಒಂದು ಮಾತು ಬರೆದೆ. ಫೆಬ್ರುವರಿ ನಾಲ್ಕರ ಸಂಜೆ ಬಾಳಮ್ಮನ ಮೊಮ್ಮಗಳಿಗೆ ಆ ಬಾಟಲಿಯಿಂದ ಎಳೆದು ಬಿಟ್ಟವಳು ನಾನು. ಮೊಣಕೈ ತನಕ ತೊಳೆದಿದ್ದೆ. ಕೈ ಖಾಲಿ ಇತ್ತು. ಸೂಜಿ ಮಾತ್ರ ಮೂರು ದಿನದಿಂದ ಅಲ್ಲೇ ನಿಂತಿತ್ತು, ಅದು ತಪ್ಪು ಎಂದು ನನಗೆ ಕಾಲೇಜಿನಿಂದಲೇ ಗೊತ್ತಿತ್ತು. ನೀವು ಸಹಿ ಹಾಕಿದ್ದೀರಿ ಎಂಬ ಧೈರ್ಯದ ಮೇಲೆ ನನಗೆ ಗೊತ್ತಿದ್ದುದನ್ನು ಬದಿಗಿಟ್ಟೆ. ನಿಮ್ಮ ಮೇಲಿನ ಸಿಟ್ಟಿನಲ್ಲಿ ಇದು ನನಗೆ ಹತ್ತು ಹನ್ನೆರಡು ದಿನ ಕಾಣಲೇ ಇಲ್ಲ.

ಬಾಯಿಮಾತಿನಲ್ಲಿ ನಿಲ್ಲಿಸಿದ್ದೇನೆ ಎಂದು ಬರೆದಿದ್ದೀರಿ. ಬಾಯಿಮಾತಿನಲ್ಲಿಯೇ ಅದು ಮತ್ತೆ ಶುರುವಾಗುತ್ತದೆ. ಹೊಸದಾಗಿ ಬಂದವಳಿಗೆ ಯಾರಾದರೂ ನಗುತ್ತ ಹೇಳಿಕೊಡುತ್ತಾರೆ. ಫೈಲಿನಲ್ಲಿ ಬಳೆ ಎಂದಿರುವ ತನಕ ಎಲ್ಲರೂ ಬಳೆಯನ್ನಷ್ಟೇ ಹುಡುಕುತ್ತಾರೆ.

ನನ್ನ ರಿಜಿಸ್ಟ್ರೇಶನ್ ಉಳಿಯುತ್ತದೋ ಇಲ್ಲವೋ ತಿಳಿಯದು. ಆ ಕಚೇರಿಯ ಗುಮಾಸ್ತರು ಹೇಳಿಕೆ ಓದಿ ಕನ್ನಡಕ ತೆಗೆದರು. "ತಂಗೀ, ಇದು ನಿನ್ನ ಮ್ಯಾಲ ನೀನ ದೂರು ಕೊಟ್ಟಂಗ ಆಗತೈತಿ, ವಾಪಸ್ ತಗೊಂತೀಯೇನು?" ಎಂದು ಕೇಳಿದರು. ಬೇಡ್ರಿ ಎಂದೆ. ಅತ್ತೆಗೆ ಆ ಪ್ರತಿಯನ್ನು ಓದಿ ಹೇಳಿದೆ. ಠಸ್ಸೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆ ದಿನ ಇಫ್ತಾರಿಗೆ ಎದ್ದು ಬಂದು ನಮ್ಮ ಜೊತೆ ಕೂತರು. ನನ್ನ ಜೊತೆ ಇನ್ನೂ ಹೆಚ್ಚು ಮಾತಾಡಿಲ್ಲ. ತನ್ನ ಪಾಲಿನ ಭಾರ ಇಳಿದು ಸೊಸೆಯ ಮೇಲೆ ಬಂತು ಎಂಬುದು ಅವರಿಗೆ ತಿಳಿದಿದೆ.

ನಿನ್ನೆ ಹುನಗುಂದಕ್ಕೆ ಹೋಗಿದ್ದೆ, ಒಬ್ಬಳೇ. ಬಾಳಮ್ಮ ಅಂಗಳದಲ್ಲಿ ಶೇಂಗಾ ಒಡೆಯುತ್ತಿದ್ದಳು. ಗುರುತು ಹಿಡಿದು ಚಾಪೆ ಹಾಸಿದಳು, ನೀರು ತಂದಳು, ರೋಜಾ ಎಂದಾಗ ತಂಬಿಗೆ ಒಳಗಿಟ್ಟು ಬಂದಳು. ನಾನು ಎಲ್ಲ ಹೇಳಿದೆ. ಬಾಟಲಿ, ಸೂಜಿ, ನಾಲ್ಕನೇ ತಾರೀಖಿನ ಸಂಜೆ, ನನ್ನ ಕೈ. ಅವಳ ಮಗಳು, ಆ ಕೂಸಿನ ತಾಯಿ, ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು, ಒಳಗೆ ಹೋಗಿ ಕದ ಹಾಕಿಕೊಂಡಳು.

ಬಾಳಮ್ಮ ಬಹಳ ಹೊತ್ತು ಶೇಂಗಾ ಒಡೆದಳು. "ಬಳಿ ಅಂದ್ರಲ್ಲ ಮಂದಿ?"

"ಬಳಿ ಅಲ್ಲಬೇ."

"ಯಾರೂ ಕೇಳಿರಲಿಲ್ಲ ನಿನ್ನ. ಯಾಕ ಹೇಳಾಕ ಬಂದಿ?"

"ನಿಮಗ ಗೊತ್ತಿರಬೇಕು ಅಂತ."

"ಗೊತ್ತಾತು," ಎಂದಳು. ಬೈಯಲಿಲ್ಲ. ಬೈಯಲಿ ಎಂದೇ ಹೋಗಿದ್ದೆನೇನೋ. ಸಿಪ್ಪೆಗಳನ್ನು ಸೆರಗಿನಲ್ಲಿ ಕೂಡಿಸಿಕೊಂಡು ಎದ್ದು ನಿಂತು ಕೇಳಿದಳು. "ನನ್ನ ಮಗಳು ಮುಂದ ಮತ್ತ ಹಡೀತಾಳ. ಆಗ ನಾ ಅಕಿನ್ನ ಎಲ್ಲಿಗೆ ಕರಕೊಂಡ ಹೋಗ್ಲಿ? ಯಾವ ದವಾಖಾನ್ಯಾಗ ಬಾಗಲದಾಗ ನಿಂತು ನೋಡಿದ್ರ ನನಗ ತಿಳೀತೈತಿ, ಇಲ್ಲಿ ಹಿಂಗ ಮಾಡೂದಿಲ್ಲ ಅಂತ?"

ಗಾಜಿನ ಹೊರಗೆ ಹದಿನಾರು ದಿನ ಕೂತವಳಿಗೆ ಡ್ರಾವರಿನ ಒಳಗೆ ಏನಿದೆ ಎಂದು ತಿಳಿಯುವ ದಾರಿಯೇ ಇಲ್ಲ. ಅವಳ ಪರವಾಗಿ ಒಳಗೆ ಹೋಗಿ ನೋಡಿ ಬರುವುದಕ್ಕೆಂದು ಇಡೀ ಜಿಲ್ಲೆಯ ನಮ್ಮ ಶಾಖೆಗಳಿಗೆಲ್ಲ ಇರುವವರು ಒಬ್ಬರೇ, ನೀವು.

ನನಗೆ ಇನ್ನು ಬರೆಯಬೇಡಿ. ಉತ್ತರ ಇದ್ದರೆ ಅವಳಿಗೆ ಬರೆಯಿರಿ. ಅವಳಿಗೆ ಓದಲು ಬರುವುದಿಲ್ಲ, ಮಗಳು ಓದಿ ಹೇಳುತ್ತಾಳೆ. ಅವಳ ವಿಳಾಸ ಇದು:

ಬಾಳಮ್ಮ
ಹಿಟ್ಟಿನ ಗಿರಣಿಯ ಹಿಂದಿನ ಓಣಿ
ಹುನಗುಂದ